ಓದುವಾಗ ಸಾಲು ತಪ್ಪುವ ಮಗು: ತೊಂದರೆ ಕಣ್ಣಿನದೋ, ಗಮನದ್ದೋ?

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನವರು. ನಮ್ಮ ಮಗನಿಗೆ 9 ವರ್ಷ, 4ನೇ ತರಗತಿಯಲ್ಲಿದ್ದಾನೆ. 2ನೇ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿದ್ದ, ಆಮೇಲೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದೇವೆ. ಓದುವಾಗ ಸಾಲು ತಪ್ಪಿಸುತ್ತಾನೆ, ಓದಿದ ಸಾಲನ್ನೇ ಮತ್ತೆ ಓದುತ್ತಾನೆ, ಬೆರಳಿಡದೆ ಮುಂದೆ ಹೋಗಲಾರ. ಕನ್ನಡ ಓದುವಾಗಲೂ ಒತ್ತಕ್ಷರ ಬಿಟ್ಟುಬಿಡುತ್ತಾನೆ. ಆದರೆ ಬಾಯಿಲೆಕ್ಕ ಚುರುಕು, ಕೇಳಿದ ಕಥೆಯನ್ನು ಪೂರ್ತಿ ಹೇಳುತ್ತಾನೆ. ಹತ್ತು ನಿಮಿಷ ಒಂದೆಡೆ ಕೂಡುವುದಿಲ್ಲ, ಹೋಮ್‌ವರ್ಕ್ ಮುಗಿಯಲು ಎರಡು ತಾಸು ಬೇಕು. ‘ಎಡಿಎಚ್‌ಡಿ ಇರಬಹುದು, ತೋರಿಸಿ’ ಎಂದು ಶಾಲೆಯವರು ಹೇಳಿದರು; ಅದು ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆಯಂತೆ. ಕನ್ನಡಕದ ಅಂಗಡಿಯಲ್ಲಿ ನಂಬರ್ ಇಲ್ಲ ಎಂದರು. ನಗರದ ಒಂದು ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂಡಿಸಿ ನೋಡಿ, ‘ಕಣ್ಣಿನ ಟ್ರ್ಯಾಕಿಂಗ್ ವೀಕ್ ಇದೆ, ಅದಕ್ಕೇ ಗಮನ ನಿಲ್ಲುತ್ತಿಲ್ಲ’ ಎಂದು ಆರು ತಿಂಗಳ ಕಣ್ಣಿನ ವ್ಯಾಯಾಮ ಮತ್ತು ಬಣ್ಣದ ಗಾಜಿನ ಕನ್ನಡಕ ಹೇಳಿ ಮುಂಗಡ ಕೇಳಿದ್ದಾರೆ. ಮನೆಯ ಹಿರಿಯರು ‘ಅವರಪ್ಪನೂ ಹಿಂಗ ಇದ್ದ, ದೊಡ್ಡಾವಾದ ಮ್ಯಾಲೆ ಎಲ್ಲಾ ಸರಿಹೋಗ್ತದ’ ಎನ್ನುತ್ತಾರೆ. ಗುಳಿಗೆ ಶುರುಮಾಡಿದರೆ ಚಟ ಬೀಳುತ್ತದೆಯೋ ಎಂಬ ಹೆದರಿಕೆಯೂ ಇದೆ. ಮೊದಲು ಎಲ್ಲಿಗೆ ಹೋಗಬೇಕು? ಅವನನ್ನು ಮತ್ತೆ ಕನ್ನಡ ಮಾಧ್ಯಮಕ್ಕೆ ಹಾಕಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲವೂ ಒಂದೇ ಸಂಶಯದಿಂದ ಹುಟ್ಟಿವೆ. ಮಗನ ಕಣ್ಣು ಸಾಲು ಹಿಡಿದು ಹೋಗದಿರುವುದರಿಂದ ಓದು ಮತ್ತು ಗಮನ ಕೆಡುತ್ತಿವೆಯೇ, ಅಥವಾ ಓದಿನಲ್ಲಿಯೋ ಗಮನದಲ್ಲಿಯೋ ತೊಂದರೆ ಇರುವುದರಿಂದ ಕಣ್ಣು ಹಾಗೆ ಅಲೆಯುತ್ತಿದೆಯೇ? ನಾನು ಬೆಳಗಾವಿಯಲ್ಲಿ ಮಕ್ಕಳ ಕಣ್ಣಿನ ವೈದ್ಯೆ. ಇದೇ ದೂರನ್ನು ಹೊತ್ತು ನನ್ನ ಬಳಿಗೆ ಬರುವ ಹೆಚ್ಚಿನ ಮಕ್ಕಳ ವಿಷಯದಲ್ಲಿ ಎರಡನೆಯದೇ ನಿಜವಾಗಿರುತ್ತದೆ. ಹಾಗೆಂದು ಕಣ್ಣಿನ ಪರೀಕ್ಷೆ ಬೇಡವೆಂದಲ್ಲ. ಅದು ಬೇಕು, ಆದರೆ ಸರಿಯಾದ ರೀತಿಯಲ್ಲಿ ಆಗಬೇಕು, ಮತ್ತು ಅಲ್ಲಿಗೇ ನಿಲ್ಲಬಾರದು.

ಓದುವಾಗ ಕಣ್ಣು ಎಡದಿಂದ ಬಲಕ್ಕೆ ಒಂದೇ ಸಮನೆ ಜಾರಿಕೊಂಡು ಹೋಗುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಹಾಗಾಗುವುದಿಲ್ಲ ಎಂಬುದು 19ನೇ ಶತಮಾನದ ಕೊನೆಯ ದಶಕಗಳಿಂದಲೇ ವೈದ್ಯಲೋಕಕ್ಕೆ ಗೊತ್ತಿದೆ. ಕಣ್ಣು ಒಂದು ಕಡೆ ನಿಲ್ಲುತ್ತದೆ, ಅಲ್ಲಿಂದ ಥಟ್ಟನೆ ಜಿಗಿದು ಮುಂದೆ ಇನ್ನೊಂದು ಕಡೆ ನಿಲ್ಲುತ್ತದೆ. ಈ ಜಿಗಿತಕ್ಕೆ ಸ್ಯಾಕೇಡ್ ಎಂದು ಹೆಸರು. ಇಂಗ್ಲಿಷ್ ಓದುವ ನುರಿತ ವಯಸ್ಕರಲ್ಲಿ ಒಂದು ನಿಲುಗಡೆ ಸುಮಾರು 200ರಿಂದ 250 ಮಿಲಿಸೆಕೆಂಡು ಇರುತ್ತದೆ, ಅಂದರೆ ಹೆಚ್ಚುಕಡಿಮೆ ಕಾಲು ಸೆಕೆಂಡು. ಜಿಗಿತಕ್ಕೆ 20ರಿಂದ 40 ಮಿಲಿಸೆಕೆಂಡು ಸಾಕು, ಮತ್ತು ಒಂದು ಜಿಗಿತದಲ್ಲಿ ಕಣ್ಣು ಏಳೆಂಟು ಅಕ್ಷರಗಳನ್ನು ದಾಟುತ್ತದೆ. ಜಿಗಿಯುವ ಕ್ಷಣದಲ್ಲಿ ಮೆದುಳು ನೋಟವನ್ನು ಬಹುಮಟ್ಟಿಗೆ ಅಡಗಿಸಿಬಿಡುವುದರಿಂದ, ಓದು ಎಂಬುದೆಲ್ಲ ನಡೆಯುವುದು ಕಣ್ಣು ನಿಂತಾಗಲೇ. ಮುಖ್ಯವಾದ ಸಂಗತಿಯೆಂದರೆ, ಚೆನ್ನಾಗಿ ಓದಬಲ್ಲ ವಯಸ್ಕರಲ್ಲಿಯೂ ನೂರು ಜಿಗಿತಗಳಲ್ಲಿ ಹತ್ತು–ಹದಿನೈದು ಹಿಂದಕ್ಕೆ ಇರುತ್ತವೆ. ಓದು ಕಲಿಯುತ್ತಿರುವ ಮಕ್ಕಳಲ್ಲಿ ನಿಲುಗಡೆಗಳ ಸಂಖ್ಯೆಯೂ ಅವಧಿಯೂ ಹೆಚ್ಚು, ಹಿಂದಕ್ಕೆ ಹೋಗುವ ಜಿಗಿತಗಳು ಸುಮಾರು ನಾಲ್ಕರಲ್ಲಿ ಒಂದರಷ್ಟಾಗುತ್ತವೆ.

ಇದನ್ನು ನೀವು ಮನೆಯಲ್ಲಿಯೇ ನೋಡಬಹುದು. ಹಳೆಯ ದಿನಪತ್ರಿಕೆಯ ಒಂದು ಹಾಳೆಯ ನಟ್ಟನಡುವೆ ಪೆನ್ಸಿಲ್ ತೂರುವಷ್ಟು ತೂತು ಮಾಡಿ, ನಿಮ್ಮ ಯಜಮಾನರಿಗೆ ಆ ಹಾಳೆಯನ್ನು ಎದುರಿಗೆ ಹಿಡಿದು ತೂತಿನ ಅಕ್ಕಪಕ್ಕದ ಸಾಲುಗಳನ್ನು ಮನಸ್ಸಿನಲ್ಲೇ ಓದಲು ಹೇಳಿ. ಹಾಳೆಯ ಹಿಂದಿನಿಂದ ಆ ತೂತಿಗೆ ನಿಮ್ಮ ಕಣ್ಣು ಹಚ್ಚಿ ನೋಡಿದರೆ, ಅವರ ಕಣ್ಣುಗುಡ್ಡೆ ಟಕ್ ಟಕ್ ಎಂದು ಹೆಜ್ಜೆ ಹಾಕುವುದು, ಸಾಲಿನ ಕೊನೆಯಲ್ಲಿ ಒಮ್ಮೆಲೇ ಎಡಕ್ಕೆ ಮರಳುವುದು, ನಡುನಡುವೆ ಹಿಂದೆ ಸರಿದು ಮತ್ತೆ ನೋಡುವುದು ಕಾಣುತ್ತದೆ. ಮಗನ ಕಣ್ಣು ‘ಕುಣಿಯುತ್ತದೆ’ ಎಂದು ಯಾರಾದರೂ ಹೆದರಿಸಿದ್ದರೆ, ಮೊದಲು ತಂದೆಯ ಕಣ್ಣು ಕುಣಿಯುವುದನ್ನು ನೋಡಿಕೊಳ್ಳುವುದು ಒಳ್ಳೆಯದು.

ಕನ್ನಡ ಲಿಪಿಗೆ ಅದರದೇ ಬೇಡಿಕೆಗಳಿವೆ. ಇಂಗ್ಲಿಷಿನಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಮೂಲಾಕ್ಷರದ ತಲೆಯ ಮೇಲೆ, ಬಲಕ್ಕೆ ಗುಣಿತದ ಚಿಹ್ನೆಗಳು, ಕೆಳಗೆ ಒತ್ತುಗಳು. ‘ಕತ್ತೆ’ ಎಂಬುದನ್ನು ‘ಕತೆ’ ಎಂದು ಓದುವ ಮಗುವಿಗೆ ಒತ್ತು ಕಾಣುತ್ತಿಲ್ಲವೆಂದಲ್ಲ, ಕಂಡದ್ದನ್ನು ಅಷ್ಟು ಬೇಗ ಧ್ವನಿಯಾಗಿ ಮಾರ್ಪಡಿಸಲು ಅದಕ್ಕೆ ಆಗುತ್ತಿಲ್ಲ. ಜೊತೆಗೆ ನಮ್ಮ ಪದಗಳು ಪ್ರತ್ಯಯದ ಮೇಲೆ ಪ್ರತ್ಯಯ ಸೇರಿ ಉದ್ದವಾಗುತ್ತವೆ. ‘ಹೋಗಬೇಕಾಗಿದ್ದವರಿಗೆ’ ಎಂಬ ಒಂದೇ ಪದಕ್ಕೆ ಕಣ್ಣು ಎರಡು–ಮೂರು ಕಡೆ ನಿಲ್ಲಬೇಕಾಗುತ್ತದೆ, ಹೊಸ ಓದುಗ ಹಿಂದಿರುಗಿ ನೋಡುವುದೂ ಸಹಜ. ಕನ್ನಡ ಮಕ್ಕಳ ಓದಿನ ಕಲಿಕೆಯನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿಯೇ ತೋರಿಸಿದಂತೆ, ನಮ್ಮ ಅಕ್ಷರಗಳ ಸಂಖ್ಯೆ ಮತ್ತು ಜೋಡಣೆಯ ಕಾರಣದಿಂದ ಅವುಗಳ ಮೇಲಿನ ಹಿಡಿತ ಮೊದಲ ಎರಡು ವರ್ಷಗಳಲ್ಲಿ ಮುಗಿಯುವುದಿಲ್ಲ, ಪ್ರಾಥಮಿಕ ಶಾಲೆಯ ಮುಂದಿನ ತರಗತಿಗಳವರೆಗೂ ಬೆಳೆಯುತ್ತ ಹೋಗುತ್ತದೆ. ನಿಮ್ಮ ಮಗ 2ನೇ ತರಗತಿ ಮುಗಿಸಿದ ಕೂಡಲೇ ಮಾಧ್ಯಮ ಬದಲಾಯಿತು. ಕನ್ನಡದ ಒತ್ತಕ್ಷರಗಳು ಗಟ್ಟಿಯಾಗುವ ಮೊದಲೇ, ಬರೆದಂತೆ ಓದಲಾಗದ ಇಂಗ್ಲಿಷ್ ಅವನ ಮೇಲೆ ಬಂತು. ಅವನ ಎಲ್ಲ ತೊಂದರೆಗೂ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವ ಸಂಗತಿಯೂ ಇದಲ್ಲ.

ಈಗ ನಿಮ್ಮ ಮುಖ್ಯ ಸಂಶಯಕ್ಕೆ ಬರೋಣ. ಓದಿನ ತೊಂದರೆ ಇರುವ ಮಕ್ಕಳಲ್ಲಿ ಕಣ್ಣಿನ ನಿಲುಗಡೆ ದೀರ್ಘ, ಜಿಗಿತ ಚಿಕ್ಕದು, ಹಿಂದಿರುಗುವುದು ಹೆಚ್ಚು ಎಂಬುದು ನಿಜ. ಇದನ್ನು ಕಂಡವರು ಒಂದು ಕಾಲದಲ್ಲಿ, ಕಣ್ಣಿನ ಚಲನೆ ಕೆಟ್ಟಿರುವುದೇ ಡಿಸ್ಲೆಕ್ಸಿಯಾಕ್ಕೆ, ಅಂದರೆ ಓದಿನ ನ್ಯೂನತೆಗೆ, ಮೂಲವೆಂದು ಭಾವಿಸಿ ಕಣ್ಣಿಗೆ ತರಬೇತಿ ಕೊಡಲು ಹೊರಟರು. ಆಮೇಲೆ ಅಮೆರಿಕದ ಕೀತ್ ರೇನರ್ ಮತ್ತು ಇತರ ಸಂಶೋಧಕರು ಹೋಲಿಕೆಯ ರೀತಿಯನ್ನೇ ಬದಲಿಸಿ ನೋಡಿದರು. ತೊಂದರೆ ಇರುವ 10 ವರ್ಷದ ಮಗುವನ್ನು ಅದೇ ವಯಸ್ಸಿನ ಜಾಣ ಓದುಗನೊಂದಿಗೆ ಹೋಲಿಸದೆ, ಅದೇ ಓದಿನ ಮಟ್ಟದ ಚಿಕ್ಕ ಮಗುವಿನೊಂದಿಗೆ ಹೋಲಿಸಿದಾಗ ಇಬ್ಬರ ಕಣ್ಣಿನ ಚಲನೆಯೂ ಹೆಚ್ಚುಕಡಿಮೆ ಒಂದೇ ತೆರನಾಗಿತ್ತು. ತೊಂದರೆ ಇರುವ ಮಗುವಿಗೆ ಅದರ ಮಟ್ಟಕ್ಕೆ ತಕ್ಕ ಸುಲಭ ಪಾಠ ಕೊಟ್ಟರೆ ಕಣ್ಣು ಸುಧಾರಿಸಿತು, ಜಾಣ ಓದುಗನಿಗೆ ಅರ್ಥವಾಗದ ಕಠಿಣ ಬರಹ ಕೊಟ್ಟರೆ ಅವನ ಕಣ್ಣೂ ಹಿಂದೆಮುಂದೆ ಓಡತೊಡಗಿತು. ಕಣ್ಣು ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಮುಂದೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಓದನ್ನು ಅರ್ಥಮಾಡಿಕೊಳ್ಳುತ್ತಿರುವ ಮೆದುಳು. ಎತ್ತು ನಿಂತರೆ ಗಾಲಿಗೆ ಎಣ್ಣೆ ಹಾಕಿ ಪ್ರಯೋಜನವಿಲ್ಲ.

ಈ ಹೋಲಿಕೆಯ ಒರಟು ರೂಪವನ್ನು ನೀವೇ ಮಾಡಬಹುದು. 2ನೇ ತರಗತಿಯ ಕನ್ನಡ ಪಾಠದಿಂದ ಎಂಟು ಸಾಲು, 4ನೇ ತರಗತಿಯದರಿಂದ ಎಂಟು ಸಾಲು ಆರಿಸಿ, ಎರಡನ್ನೂ ನಿಮ್ಮ ಕೈಯಿಂದ ಒಂದೇ ಗಾತ್ರದ ಅಕ್ಷರದಲ್ಲಿ, ಸಾಲುಗಳ ನಡುವೆ ಒಂದೇ ಅಂತರ ಬಿಟ್ಟು ಬರೆಯಿರಿ. ಹೀಗೆ ಬರೆಯುವುದು ಏಕೆಂದರೆ ಚಿಕ್ಕ ತರಗತಿಯ ಪುಸ್ತಕದ ಅಚ್ಚು ದಪ್ಪ ಇರುತ್ತದೆ, ಅದರಿಂದ ಹೋಲಿಕೆ ಕೆಡುತ್ತದೆ. ಎರಡನ್ನೂ ಬೇರೆ ಬೇರೆ ದಿನ, ಅವನು ದಣಿಯದ ಹೊತ್ತಿನಲ್ಲಿ ಓದಿಸಿ. ಸುಲಭದ್ದರಲ್ಲಿ ಸಾಲು ತಪ್ಪುವುದು ಬಹಳ ಕಡಿಮೆಯಾದರೆ, ಅದೇ ಕಣ್ಣು, ಅದೇ ಅಕ್ಷರಗಾತ್ರ, ಅದೇ ಸಾಲುಗಳು ಇದ್ದರೂ ಬದಲಾದದ್ದು ಓದಿನ ಕಷ್ಟವೊಂದೇ ಎಂದಾಯಿತು. ನಂತರ ಒಂದು ಹೊಸ ಕಥೆಯನ್ನು ನೀವು ಓದಿ ಹೇಳಿ ಪ್ರಶ್ನೆ ಕೇಳಿ. ಕೇಳಿದ್ದು ಪೂರ್ತಿ ತಿಳಿದು, ತಾನೇ ಓದಿದಾಗ ತಿಳಿಯದಿದ್ದರೆ ತೊಡಕು ಅಕ್ಷರವನ್ನು ಬಿಡಿಸಿ ಓದುವುದರಲ್ಲಿ ಇರುವ ಸಂಭವ ಹೆಚ್ಚು. ಕೇಳುವಾಗಲೂ ನಡುವೆ ಎಳೆ ತಪ್ಪುತ್ತಿದ್ದರೆ ಗಮನದ ಕಡೆ ಅಥವಾ ಭಾಷೆಯ ಕಡೆ ನೋಡಬೇಕು. ಕೇಳಿದ ಕಥೆಯನ್ನು ಪೂರ್ತಿ ಹೇಳುತ್ತಾನೆ ಎಂದು ನೀವು ಬರೆದಿರುವ ಒಂದು ಮಾತು, ಆ ಕಂಪ್ಯೂಟರ್ ವರದಿಗಿಂತ ನನಗೆ ಹೆಚ್ಚು ಉಪಯುಕ್ತವಾಗಿದೆ. ಇದು ರೋಗನಿರ್ಣಯವಲ್ಲ, ವೈದ್ಯರೊಂದಿಗೆ ಮಾತಾಡುವಾಗ ಕೈಯಲ್ಲಿರಬೇಕಾದ ಮಾಹಿತಿ.

ಗಮನದ ತೊಂದರೆ ಇರುವ ಮಕ್ಕಳ ಕಣ್ಣಿನ ಚಲನೆಯಲ್ಲಿ ವ್ಯತ್ಯಾಸವೇ ಇಲ್ಲವೇ ಎಂದರೆ, ಇದೆ. ಪರದೆಯ ಒಂದು ಬದಿಯಲ್ಲಿ ದೀಪ ಮಿನುಗಿದಾಗ ಅದನ್ನು ನೋಡದೆ ಎದುರು ಬದಿಗೆ ನೋಡಬೇಕು ಎಂಬ ಒಂದು ಪ್ರಯೋಗವಿದೆ. ಎಡಿಎಚ್‌ಡಿ ಇರುವ ಮಕ್ಕಳು ಇದರಲ್ಲಿ ಉಳಿದವರಿಗಿಂತ ಹೆಚ್ಚು ತಪ್ಪುತ್ತಾರೆ, ಬೇಡವೆಂದರೂ ಕಣ್ಣು ದೀಪದ ಕಡೆಗೇ ಹೋಗುತ್ತದೆ. ಒಂದು ಚುಕ್ಕೆಯನ್ನು ಅಲುಗಾಡದೆ ನೋಡುತ್ತಿರಲು ಹೇಳಿದರೆ ಕಣ್ಣು ಆಗಾಗ ಹೊರಗೆ ಜಿಗಿಯುತ್ತದೆ, ಪ್ರತಿಕ್ರಿಯೆಯ ವೇಗ ಒಮ್ಮೆ ಬೇಗ ಒಮ್ಮೆ ತಡ ಎಂದು ಏರುಪೇರಾಗುತ್ತದೆ. ಇಲ್ಲಿಯೂ ಕಣ್ಣಿನ ಸ್ನಾಯುಗಳು ಚೆನ್ನಾಗಿಯೇ ಇರುತ್ತವೆ. ತಕ್ಷಣದ ಸೆಳೆತವನ್ನು ತಡೆದು ನಿಲ್ಲಿಸಬೇಕಾದ ಮೆದುಳಿನ ಮುಂಭಾಗ ಮತ್ತು ಅದರ ಸಹವರ್ತಿ ಭಾಗಗಳ ಹತೋಟಿ ಸಡಿಲವಾಗಿರುತ್ತದೆ. ಅದೇ ಸಡಿಲಿಕೆ ತರಗತಿಯಲ್ಲಿ ಕುರ್ಚಿ ಬಿಟ್ಟೇಳುವುದರಲ್ಲಿ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವುದರಲ್ಲಿ ಕಾಣಿಸುತ್ತದೆ. ಓದುವಾಗ ಇಂಥ ಮಗುವಿನ ಕಣ್ಣು ಪುಟದ ಮೇಲೆಯೇ ಇದ್ದರೂ ಮನಸ್ಸು ಬೇರೆಡೆ ಹೋಗಿರುತ್ತದೆ. ಸಾಲಿನ ಕೊನೆಗೆ ಬಂದಾಗ ಎಲ್ಲಿದ್ದೆನೆಂಬುದು ನೆನಪಾಗದೆ ಮತ್ತೆ ಅದೇ ಸಾಲಿಗೆ ಮರಳುತ್ತದೆ.

ಆದರೆ ಈ ವ್ಯತ್ಯಾಸಗಳೆಲ್ಲ ಮಕ್ಕಳ ಗುಂಪುಗಳ ಸರಾಸರಿಯಲ್ಲಿ ಕಾಣುವಂಥವು. ಒಂದೊಂದೇ ಮಗುವನ್ನು ತೆಗೆದುಕೊಂಡರೆ, ತೊಂದರೆ ಇರುವ ಮತ್ತು ಇಲ್ಲದ ಮಕ್ಕಳ ಅಂಕಗಳು ಬಹಳಷ್ಟು ಒಂದರೊಳಗೊಂದು ಬೆರೆತಿರುತ್ತವೆ, ಆತಂಕ, ನಿದ್ದೆಗೇಡು, ಬೇಸರವೂ ಅವನ್ನು ಬದಲಿಸಬಲ್ಲವು. ಆದ್ದರಿಂದ ಕಣ್ಣಿನ ಚಲನೆಯ ಯಂತ್ರವೊಂದರಿಂದಲೇ ಎಡಿಎಚ್‌ಡಿ ಇದೆ ಅಥವಾ ಇಲ್ಲ ಎಂದು ಹೇಳಲು ಬರುವುದಿಲ್ಲ. ಕೆಲವು ಕೇಂದ್ರಗಳಲ್ಲಿ ಮಗುವಿಗೆ ಅಂಕಿಗಳ ಪಟ್ಟಿಯನ್ನು ಜೋರಾಗಿ ಓದಿಸಿ, ಹಿಡಿದ ಸಮಯ ಮತ್ತು ತಪ್ಪುಗಳನ್ನು ಎಣಿಸಿ ‘ಟ್ರ್ಯಾಕಿಂಗ್’ ಅಂಕ ಕೊಡುತ್ತಾರೆ. ಅದು ಅಂಕಿಗಳನ್ನು ಹೆಸರಿಸುವ ವೇಗವನ್ನೂ ಗಮನವನ್ನೂ ಅಳೆಯುತ್ತದೆಯೇ ಹೊರತು, ಕಣ್ಣಿನ ಚಲನೆಯನ್ನು ನೇರವಾಗಿ ಅಳೆಯುವುದಿಲ್ಲ. ನಿಮ್ಮ ಕೈಲಿರುವ ವರದಿ ಯಾವ ಬಗೆಯದು ಎಂದು ಒಮ್ಮೆ ಕೇಳಿ ನೋಡಿ.

ಹಾಗಾದರೆ ಕಣ್ಣಿನಲ್ಲಿ ನಿಜವಾಗಿ ನೋಡಬೇಕಾದದ್ದು ಏನು? ಅಂಗಡಿಯಲ್ಲಿ ದೂರದ ಫಲಕ ಓದಿಸಿ ‘ನಂಬರ್ ಇಲ್ಲ’ ಎಂದದ್ದು ಸಾಲದು. ಪ್ಲಸ್ ನಂಬರ್ ಇರುವ ಮಗು ಕಣ್ಣಿನೊಳಗಿನ ಮಸೂರವನ್ನು ಬಿಗಿಮಾಡಿ ದೂರದ್ದನ್ನು ಸ್ಪಷ್ಟವಾಗಿ ಓದಿಬಿಡುತ್ತದೆ, ಪುಸ್ತಕ ಹಿಡಿದಾಗ ಮಾತ್ರ ದಣಿಯುತ್ತದೆ. ಇದನ್ನು ಹಿಡಿಯಲು ಡ್ರಾಪ್ಸ್ ಹಾಕಿ, ಆ ಬಿಗಿತ ಸಡಿಲಗೊಳಿಸಿ ನಂಬರ್ ನೋಡಬೇಕು. ಡ್ರಾಪ್ಸ್‌ನಿಂದ ಪಾಪೆ ಅಗಲವಾಗಿ ಅವತ್ತು ಹತ್ತಿರದ ಓದು ಮಸುಕಾಗುತ್ತದೆ, ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಆದ್ದರಿಂದ ಶಾಲೆಗೆ ರಜೆ ಇರುವ ದಿನ ಹೋಗಿ. ಮೆಳ್ಳೆಗಣ್ಣು, ಒಂದು ಕಣ್ಣಿನ ನೋಟ ಕುಂದಿರುವುದು, ಕಣ್ಣುಗುಡ್ಡೆ ತಾನಾಗಿಯೇ ಸದಾ ತೊನೆಯುವುದು ಇವನ್ನೂ ಅಲ್ಲೇ ನೋಡುತ್ತಾರೆ.

ಇವುಗಳ ಜೊತೆಗೆ ಕನ್ವರ್ಜೆನ್ಸ್ ಇನ್‌ಸಫಿಶಿಯೆನ್ಸಿ ಎಂಬ ಇನ್ನೊಂದು ತೊಂದರೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ವ್ಯಾಯಾಮದ ಮಾತು ಬರುವುದೇ ಇಲ್ಲಿಂದ. ಹತ್ತಿರದ ವಸ್ತುವನ್ನು ನೋಡುವಾಗ ಎರಡೂ ಕಣ್ಣುಗಳು ಒಟ್ಟಿಗೆ ಮೂಗಿನ ಕಡೆ ತಿರುಗಬೇಕು. ಕೆಲವು ಮಕ್ಕಳಲ್ಲಿ ಈ ಕೂಡುವಿಕೆ ದುರ್ಬಲವಾಗಿರುತ್ತದೆ. ಸ್ವಲ್ಪ ಹೊತ್ತು ಓದಿದ ಮೇಲೆ ಹಣೆನೋವು, ಅಕ್ಷರ ಎರಡಾಗಿ ಕಾಣುವುದು, ಒಂದು ಕಣ್ಣು ಮುಚ್ಚಿ ಓದುವುದು ಇದರ ಲಕ್ಷಣಗಳು. ಚಿಕ್ಕ ಅಕ್ಷರವಿರುವ ಕಡ್ಡಿಯನ್ನು ಮೂಗಿನ ಹತ್ತಿರ ತರುತ್ತ ಹೋದಾಗ, ಸಾಮಾನ್ಯ ಮಗು ಸುಮಾರು 6 ಸೆಂಟಿಮೀಟರಿಗಿಂತ ಹತ್ತಿರದವರೆಗೂ ಅದನ್ನು ಒಂದಾಗಿಯೇ ನೋಡುತ್ತದೆ. ಈ ತೊಂದರೆಗೆ ವ್ಯಾಯಾಮ ಕೆಲಸ ಮಾಡುತ್ತದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ 9ರಿಂದ 17 ವರ್ಷದ 221 ಮಕ್ಕಳನ್ನು 12 ವಾರ ನೋಡಿದಾಗ, ಚಿಕಿತ್ಸಾಲಯದಲ್ಲಿ ತರಬೇತಿ ಪಡೆದವರಲ್ಲಿ ಶೇ 73ರಷ್ಟು ಮಂದಿ ಗುಣಮುಖರಾದರು ಅಥವಾ ಸುಧಾರಿಸಿದರು. ಮನೆಯಲ್ಲಿ ಪೆನ್ಸಿಲ್ ವ್ಯಾಯಾಮ ಮಾಡಿದವರಲ್ಲಿ ಈ ಪ್ರಮಾಣ ಶೇ 43, ಹೋಲಿಕೆಗಾಗಿ ತರಬೇತಿಯಂತೆ ತೋರುವ ಹುಸಿ ತರಬೇತಿ ಪಡೆದವರಲ್ಲಿ ಶೇ 35. ಆದರೆ ಇದೇ ಸಂಶೋಧಕರ ಬಳಗ 2019ರಲ್ಲಿ 9ರಿಂದ 14 ವರ್ಷದ 311 ಮಕ್ಕಳ ಮೇಲೆ ಇನ್ನೊಂದು ಪ್ರಶ್ನೆ ಕೇಳಿತು: ಈ ತರಬೇತಿಯಿಂದ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಹೆಚ್ಚುತ್ತದೆಯೇ? ಹುಸಿ ತರಬೇತಿಗಿಂತ ಹೆಚ್ಚೇನೂ ಆಗಲಿಲ್ಲ. ಕಣ್ಣುನೋವು, ಎರಡಾಗಿ ಕಾಣುವುದು ಇದ್ದರೆ ವ್ಯಾಯಾಮ ಮಾಡಿಸಿ, ಆ ತೊಂದರೆ ನೀಗುತ್ತದೆ. ಓದಾಗಲಿ ಗಮನವಾಗಲಿ ಅದರಿಂದ ಬರುತ್ತದೆಂದು ಹಣ ಕಟ್ಟಬೇಡಿ. ನಿಮ್ಮ ಪತ್ರದಲ್ಲಿ ತಲೆನೋವಿನ ಅಥವಾ ಎರಡಾಗಿ ಕಾಣುವ ಮಾತಿಲ್ಲ, ಅವನನ್ನೇ ಕೇಳಿ ನೋಡಿ. ‘ಅಕ್ಷರ ಎರಡು ಕಾಣತಾವೇನು?’ ಎಂದು ನೇರವಾಗಿ ಕೇಳಿದರೆ ಮಕ್ಕಳು ಹೂಂ ಎಂದುಬಿಡುತ್ತಾರೆ, ‘ಓದುವಾಗ ಅಕ್ಷರ ಹ್ಯಾಂಗ ಕಾಣತಾವು?’ ಎಂದು ಕೇಳಬೇಕು.

ಬಣ್ಣದ ಗಾಜಿನ ವಿಷಯ ಇನ್ನೂ ಸರಳ. 1980ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ಪದ್ಧತಿಗೆ ಗಟ್ಟಿಯಾದ ಆಧಾರ ಸಿಕ್ಕಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಸ್ಥೆಗಳು 2009ರಲ್ಲಿ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ, ಕಲಿಕೆಯ ನ್ಯೂನತೆಗೆ ಬಣ್ಣದ ಗಾಜನ್ನಾಗಲಿ ಕಣ್ಣಿನ ತರಬೇತಿಯನ್ನಾಗಲಿ ಶಿಫಾರಸು ಮಾಡಲು ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿವೆ. ಹೊಸ ಕನ್ನಡಕ, ಹೊಸ ಯಂತ್ರ, ವಾರಕ್ಕೆ ಎರಡು ದಿನ ಯಾರೋ ಅಕ್ಕರೆಯಿಂದ ಜೊತೆಗೆ ಕೂಡುವುದು ಇವುಗಳಿಂದ ಮಗುವಿನ ಉತ್ಸಾಹ ಮೊದಲ ತಿಂಗಳು ಹೆಚ್ಚುತ್ತದೆ, ಪಾಲಕರೂ ಹಣ ಕೊಟ್ಟದ್ದರಿಂದ ಗುಣ ಕಾಣಲು ಕಾಯುತ್ತಿರುತ್ತಾರೆ. ಕಣ್ಣಿಗೆ ಇದರಿಂದ ಅಪಾಯವಿಲ್ಲ. ನಷ್ಟವಾಗುವುದು ಹಣ ಮತ್ತು 4ನೇ ತರಗತಿಯ ಆರು ತಿಂಗಳು, ಅದರಲ್ಲೂ ಎರಡನೆಯದು ಮರಳಿ ಬರುವುದಿಲ್ಲ. ಮುಂಗಡ ಕೊಟ್ಟಿರದಿದ್ದರೆ ಕೊಡಬೇಡಿ.

ಎಡಿಎಚ್‌ಡಿ ಇದೆಯೇ ಎಂಬುದನ್ನು ಪತ್ರ ಓದಿ ನಾನು ಹೇಳಲಾರೆ, ಅದು ನನ್ನ ಕ್ಷೇತ್ರವೂ ಅಲ್ಲ. ಮಕ್ಕಳ ಮನೋವೈದ್ಯರು ಅಥವಾ ಮಕ್ಕಳ ಬೆಳವಣಿಗೆಯ ತಜ್ಞರು ಹೇಗೆ ನಿರ್ಧರಿಸುತ್ತಾರೆ ಎಂಬುದನ್ನು ಮಾತ್ರ ತಿಳಿಸಬಲ್ಲೆ. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿಯ ಪ್ರಕಾರ ಗಮನ ನಿಲ್ಲದಿರುವುದರ ಒಂಬತ್ತು ಲಕ್ಷಣಗಳಲ್ಲಿ, ಇಲ್ಲವೇ ಅತಿಚಟುವಟಿಕೆ ಮತ್ತು ಆತುರದ ಒಂಬತ್ತು ಲಕ್ಷಣಗಳಲ್ಲಿ, ಕನಿಷ್ಠ ಆರು ಇರಬೇಕು. ಅವು ಆರು ತಿಂಗಳಿಗಿಂತ ಹೆಚ್ಚು ಕಾಲ ಕಂಡಿರಬೇಕು, 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಲ್ಲಾದರೂ ಕಾಣಬೇಕು. ಈ ಕೊನೆಯ ಷರತ್ತು ಮುಖ್ಯವಾದದ್ದು. ಪುಸ್ತಕ ತೆರೆದಾಗ ಮಾತ್ರ ಚಡಪಡಿಸಿ, ಊಟಕ್ಕೆ, ಆಟಕ್ಕೆ, ಮದುವೆಮನೆಯಲ್ಲಿ ಕೂಡಲು ತೊಂದರೆಯಿಲ್ಲದ ಮಗು, ಬಾರದ ಓದಿನಿಂದ ತಪ್ಪಿಸಿಕೊಳ್ಳುತ್ತಿರಬಹುದು. ‘ಮೊಬೈಲ್ ಹಿಡಿದರೆ ತಾಸುಗಟ್ಟಲೆ ಕೂಡುತ್ತಾನೆ, ಗಮನದ ತೊಂದರೆ ಎಲ್ಲಿಂದ ಬಂತು’ ಎಂದು ಬಹಳ ತಂದೆಯರು ಕೇಳುತ್ತಾರೆ. ಕ್ಷಣಕ್ಷಣಕ್ಕೂ ಬದಲಾಗಿ ಗಮನವನ್ನು ತಾನೇ ಎಳೆಯುವ ಪರದೆಯನ್ನು ನೋಡಲು ಮಗು ಗಮನ ಕೊಡಬೇಕಾಗಿಯೇ ಇಲ್ಲ, ಹಾಗಾಗಿ ಅದು ಯಾವ ಕಡೆಗೂ ಪುರಾವೆಯಲ್ಲ.

ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಶೇ 25ರಿಂದ 40ರಷ್ಟು ಮಂದಿಗೆ ಓದಿನ ನ್ಯೂನತೆಯೂ ಜೊತೆಗಿರುತ್ತದೆ ಎಂಬ ಅಂದಾಜಿದೆ. ಆದ್ದರಿಂದ ‘ಇದೋ ಅದೋ’ ಎಂದು ಕೇಳುವುದಕ್ಕಿಂತ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ಸರಿ. ಹಿರಿಯರು ‘ಅವರಪ್ಪನೂ ಹಿಂಗ ಇದ್ದ’ ಎಂದದ್ದು ಅರ್ಧ ನಿಜ. ಎರಡೂ ತೊಂದರೆಗಳು ವಂಶದಲ್ಲಿ ಬರುತ್ತವೆ, ಆ ಮಾತನ್ನು ವೈದ್ಯರಿಗೂ ಹೇಳಿ. ಉಳಿದರ್ಧದ ಬಗ್ಗೆ ಎಚ್ಚರ ಬೇಕು. ಬೆಳೆದಂತೆ ಓಡಾಟ ಕಡಿಮೆಯಾಗುತ್ತದೆ, ಆದರೆ ಗಮನದ ಕೊರತೆ ಹಲವರಲ್ಲಿ ಉಳಿಯುತ್ತದೆ, ಓದಿನ ಹಿಂದುಳಿಕೆಯಂತೂ ತಾನಾಗಿ ತುಂಬುವುದಿಲ್ಲ. ಇದೇ ಹೊತ್ತಿಗೆ ಕಿವಿಯ ಪರೀಕ್ಷೆ ಮತ್ತು ಹಿಮೋಗ್ಲೋಬಿನ್ ಮಾಡಿಸಿ, ರಾತ್ರಿ ಗೊರಕೆ ಹೊಡೆಯುತ್ತಾನೆಯೇ ನೋಡಿ. ಮಾತಿನ ನಡುವೆಯೇ ಕೆಲವು ಸೆಕೆಂಡು ಮಿಸುಕದೆ ಶೂನ್ಯದತ್ತ ನೋಡಿ, ರೆಪ್ಪೆ ಅದುರಿ, ಏನೂ ಆಗದವನಂತೆ ಮುಂದುವರಿಯುವುದನ್ನು ಕಂಡಿದ್ದರೆ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿ. ಅದು ಗಮನದ ತೊಂದರೆಯಾಗಿರದೆ ಒಂದು ಬಗೆಯ ಫಿಟ್ಸ್ ಆಗಿರಬಹುದು, ಅದಕ್ಕೆ ಚಿಕಿತ್ಸೆಯೇ ಬೇರೆ.

ಗುಳಿಗೆಯ ಬಗ್ಗೆ ಹೇಳುವುದಾದರೆ, ರೋಗ ಖಚಿತವಾದ ಮೇಲಷ್ಟೇ ಆ ಮಾತು. 6 ವರ್ಷ ದಾಟಿದ ಮಕ್ಕಳಿಗೆ ಹೆಚ್ಚಾಗಿ ಕೊಡುವುದು ಉತ್ತೇಜಕ ಬಗೆಯ ಮೀಥೈಲ್‌ಫೆನಿಡೇಟ್. ಅದರ ಸಾದಾ ಗುಳಿಗೆಯ ಪರಿಣಾಮ ಮೂರು–ನಾಲ್ಕು ತಾಸು ಇರುತ್ತದೆ. ಹಸಿವು ಕುಗ್ಗುವುದು, ನಿದ್ದೆ ತಡವಾಗುವುದು, ಹೊಟ್ಟೆನೋವು, ನಾಡಿ ಮತ್ತು ರಕ್ತದೊತ್ತಡ ಸ್ವಲ್ಪ ಏರುವುದು ಇದರ ತೊಂದರೆಗಳು. ಎತ್ತರದ ಬೆಳವಣಿಗೆ ಕೆಲವರಲ್ಲಿ ತುಸು ನಿಧಾನವಾಗುವುದರಿಂದ ಎತ್ತರ, ತೂಕ ಆಗಾಗ ಅಳೆಯುತ್ತಾರೆ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದಯದ ಕಾಯಿಲೆ ಅಥವಾ ಹಠಾತ್ ಸಾವು ಆಗಿದ್ದರೆ ಮೊದಲೇ ಹೇಳಬೇಕು. ವೈದ್ಯರ ನಿಗಾದಲ್ಲಿ ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡ ಮಕ್ಕಳಿಗೆ ಮುಂದೆ ಚಟದ ಅಪಾಯ ಹೆಚ್ಚುತ್ತದೆ ಎಂಬುದು ದೀರ್ಘಕಾಲದ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಆದರೂ ಇದು ಕಾನೂನಿನ ಹತೋಟಿಯಲ್ಲಿರುವ ಔಷಧ, ಎಲ್ಲ ಮೆಡಿಕಲ್ ಅಂಗಡಿಗಳಲ್ಲಿ ಸಿಗುವುದಿಲ್ಲ, ಮನೆಯಲ್ಲಿ ಬೀಗದೊಳಗೆ ಇಡಬೇಕು. ಅಟೊಮಾಕ್ಸೆಟಿನ್ ಎಂಬ ಇನ್ನೊಂದು ಬಗೆಯದು ಉತ್ತೇಜಕವಲ್ಲ, ಆದರೆ ಅದರ ಗುಣ ಕಾಣಲು ಕೆಲವು ವಾರಗಳೇ ಬೇಕು.

ಗುಳಿಗೆಯಿಂದ ಆಗದ ಕೆಲಸವೂ ಒಂದಿದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಎಡಿಎಚ್‌ಡಿ ಮತ್ತು ಓದಿನ ತೊಂದರೆ ಎರಡೂ ಇದ್ದ 2ರಿಂದ 5ನೇ ತರಗತಿಯ 200ಕ್ಕೂ ಹೆಚ್ಚು ಮಕ್ಕಳಲ್ಲಿ ಕೆಲವರಿಗೆ ಗಮನದ ಚಿಕಿತ್ಸೆ ಮಾತ್ರ, ಕೆಲವರಿಗೆ ಓದಿನ ಪಾಠ ಮಾತ್ರ, ಉಳಿದವರಿಗೆ ಎರಡನ್ನೂ ಕೊಟ್ಟರು. ಗಮನದ ಚಿಕಿತ್ಸೆಯಿಂದ ಗಮನ ಸುಧಾರಿಸಿತು, ಓದಿನ ಪಾಠದಿಂದ ಓದು ಸುಧಾರಿಸಿತು. ಒಂದರಿಂದ ಇನ್ನೊಂದು ಸರಿಹೋಗಲಿಲ್ಲ. ಗುಳಿಗೆ ತೆಗೆದುಕೊಂಡ ಮಗು ಕೂಡುತ್ತದೆ, ಕೂತ ಮೇಲೆ ಅಕ್ಷರ ಕಲಿಸುವವರು ಬೇಕು.

ಮನೆಯಲ್ಲಿ ಆ ಕೆಲಸವನ್ನು ಇಂದಿನಿಂದಲೇ ಶುರುಮಾಡಬಹುದು. ದಿನಕ್ಕೆ ಹದಿನೈದು ನಿಮಿಷ ಸಾಕು, ಆಟದ ನಂತರ, ಟಿ.ವಿ. ಆರಿಸಿದ ಕೋಣೆಯಲ್ಲಿ. ಬೆರಳಿಡಲು ಬಿಡಿ, ಬೆರಳು ತೆಗೆಸಬೇಕೆಂದು ಯಾರೂ ಅವಸರ ಮಾಡಬೇಕಾಗಿಲ್ಲ, ಓದು ಸಲೀಸಾದ ದಿನ ಅದು ತಾನೇ ಬಿಟ್ಟುಹೋಗುತ್ತದೆ. ದಪ್ಪ ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಉದ್ದನೆಯ ಕಿಂಡಿ ಕತ್ತರಿಸಿ ಪುಟದ ಮೇಲಿಟ್ಟು ಓದಿಸಬಹುದು. ಕಿಂಡಿ ಕನ್ನಡಕ್ಕೆ ಸ್ವಲ್ಪ ಅಗಲವಾಗಿರಲಿ, ಇಲ್ಲದಿದ್ದರೆ ಒತ್ತಕ್ಷರಗಳೇ ಮುಚ್ಚಿಹೋಗುತ್ತವೆ. ಕಾಗುಣಿತದಲ್ಲಿ ಎಲ್ಲಿ ತೊಡಕುತ್ತಾನೆ, ಯಾವ ಒತ್ತುಗಳನ್ನು ಬಿಡುತ್ತಾನೆ ಎಂದು ಗುರುತು ಹಾಕಿಕೊಂಡು, ವಾರಕ್ಕೆ ಎರಡು–ಮೂರು ಒತ್ತುಗಳನ್ನು ಮಾತ್ರ ತೆಗೆದುಕೊಂಡು ‘ಕತೆ–ಕತ್ತೆ’, ‘ಹಳಿ–ಹಳ್ಳಿ’ ಎಂಬಂಥ ಜೋಡಿಗಳನ್ನು ಓದಿಸಿ, ಹೇಳಿ ಬರೆಸಿ. ಪಾಠವನ್ನು ನೀವು ಒಂದು ಸಾಲು, ಅವನು ಒಂದು ಸಾಲು ಓದಿ. ತಪ್ಪಿದ ಪದವನ್ನು ಹತ್ತು ಸಲ ಬರೆಸುವ ಶಿಕ್ಷೆ ಬೇಡ, ಅದರಿಂದ ಕೈ ನೋಯುವುದೇ ಹೊರತು ಒತ್ತು ಕಲಿತಂತಾಗುವುದಿಲ್ಲ.

ಎಲ್ಲಿಗೆ ಹೋಗಬೇಕೆಂದು ಕೇಳಿದ್ದೀರಿ. ಮೊದಲು ಕಣ್ಣಿನ ವೈದ್ಯರಲ್ಲಿ ಡ್ರಾಪ್ಸ್ ಹಾಕಿಸಿ ಪರೀಕ್ಷೆ ಮುಗಿಸಿ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಯಲ್ಲಿ ಕಣ್ಣು, ಕಿವಿ, ಮಕ್ಕಳ ವಿಭಾಗ, ಮನೋವೈದ್ಯ ವಿಭಾಗ ಒಂದೇ ಕಡೆ ಸಿಗುವುದರಿಂದ ಓಡಾಟ ಕಡಿಮೆ. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜಿಲ್ಲಾ ಮಟ್ಟದ ಕೇಂದ್ರದ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಗಮನ ಮತ್ತು ಕಲಿಕೆಯ ಪೂರ್ಣ ಪರೀಕ್ಷೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರ. ಹೋಗುವಾಗ ಎರಡೂ ಶಾಲೆಗಳ ನೋಟ್‌ಬುಕ್ಕುಗಳು, ಅಂಕಪಟ್ಟಿ, ಈಗಿನ ತರಗತಿ ಶಿಕ್ಷಕರಿಂದ ಒಂದು ಪುಟದ ಬರಹ ಮತ್ತು ಮನೆಯಲ್ಲಿ ಅವನು ಓದುವ ಎರಡು ನಿಮಿಷದ ವಿಡಿಯೊ ಒಯ್ಯಿರಿ. ಪರೀಕ್ಷೆ ಅವನು ಮೊದಲು ಕಲಿತ ಕನ್ನಡದಲ್ಲಿಯೂ ಆಗಲಿ ಎಂದು ಕೇಳಿ, ಇಂಗ್ಲಿಷಿನಲ್ಲಿ ಮಾತ್ರ ಮಾಡಿದರೆ ಭಾಷೆ ಬಾರದ್ದು ಯಾವುದು, ಓದಲಾಗದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾದಂಥದ್ದು) ಖಚಿತವಾದರೆ ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಮುಂದೆ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲಗಳನ್ನು ಕೇಳಬಹುದು. ಎಡಿಎಚ್‌ಡಿ ಒಂದೇ ಇದ್ದರೆ ಅದು ಆ ಪಟ್ಟಿಯಲ್ಲಿ ಬರುವುದಿಲ್ಲ.

ಮಾಧ್ಯಮದ ಪ್ರಶ್ನೆಗೆ ವರ್ಷದ ನಡುವೆ ಉತ್ತರ ಹುಡುಕಬೇಡಿ. ಗೆಳೆಯರು, ಶಿಕ್ಷಕರು, ಪುಸ್ತಕ ಎಲ್ಲವೂ ಮತ್ತೆ ಬದಲಾದರೆ ಚಡಪಡಿಕೆ ಹೆಚ್ಚುತ್ತದೆ, ಪರೀಕ್ಷೆ ಮಾಡುವವರಿಗೂ ಗೊಂದಲ. ವರದಿಯಲ್ಲಿ ಕನ್ನಡದ ಓದು ಇಂಗ್ಲಿಷಿಗಿಂತ ಎರಡು ತರಗತಿಯಷ್ಟು ಮುಂದಿದೆ ಎಂದು ಕಂಡುಬಂದರೆ, 5ನೇ ತರಗತಿಗೆ ಕನ್ನಡ ಮಾಧ್ಯಮಕ್ಕೆ ಮರಳುವುದನ್ನು ನಾನು ಬೆಂಬಲಿಸುತ್ತೇನೆ. ಎರಡರಲ್ಲೂ ಸಮನಾಗಿ ಹಿಂದಿದ್ದರೆ ಮಾಧ್ಯಮ ಬದಲಿಸುವುದರಿಂದ ಅಷ್ಟು ಲಾಭವಿಲ್ಲ, ಆಗ ಯಾವ ಶಾಲೆಯ ಶಿಕ್ಷಕರು ಅವನ ಜೊತೆ ಕೂತು ಓದಿಸಲು ಒಪ್ಪುತ್ತಾರೋ ಅಲ್ಲಿ ಇರಿಸಿ. ಅಲ್ಲಿಯವರೆಗೆ ಈಗಿನ ಶಾಲೆಯವರಲ್ಲಿ ಎರಡು ವಿಷಯ ಕೇಳಿಕೊಳ್ಳಿ: ಮೊದಲನೆಯ ಸಾಲಿನಲ್ಲಿ, ಬಾಗಿಲು ಕಿಟಕಿಗಳಿಂದ ದೂರ ಕೂಡಿಸಲಿ, ಮತ್ತು ಹಿಂದಿನ ದಿನ ಮನೆಯಲ್ಲಿ ಓದಿಕೊಂಡು ಬರಲು ಹೇಳದ ಪುಟವನ್ನು ತರಗತಿಯ ಎದುರು ನಿಲ್ಲಿಸಿ ಓದಿಸದಿರಲಿ.